ಅರವತ್ತೆರಡಕ್ಕೆ ಹಲ್ಲಿಗೆ ತಂತಿ

ಕಳೆದ ವರ್ಷ ಚೌತಿಗೆ ಊರಿನಿಂದ ಬಂದ ಚಕ್ಕುಲಿ ಕಡಿಯುವಾಗ ನನ್ನ ಕೆಳಸಾಲಿನ ಹಲ್ಲೊಂದರ ಚೂರು ಹಾರಿಹೋಯಿತು. ಅಂಗೈಯಲ್ಲಿ ಇಟ್ಟು ನೋಡಿದರೆ ಅಕ್ಕಿ ನುಚ್ಚಿನಷ್ಟಿತ್ತು. ಯಜಮಾನರು ಕನ್ನಡಕ ಏರಿಸಿ ಪರೀಕ್ಷೆ ಮಾಡಿ, "ಚಕ್ಕುಲಿಗೆ ಎಣ್ಣೆ ಕಮ್ಮಿ ಆಗಿದೆ, ನಿನ್ನ ಹಲ್ಲಿನದ್ದೇನೂ ತಪ್ಪಿಲ್ಲ" ಅಂತ ತೀರ್ಪು ಕೊಟ್ಟರು. ಆದರೂ ನಾಲಿಗೆ ಸುಮ್ಮನಿರಬೇಕಲ್ಲ. ಎರಡು ದಿನ ಅದೇ ಜಾಗವನ್ನು ಸವರಿ ಸವರಿ ನಾಲಿಗೆಯ ತುದಿ ಹುಣ್ಣಾಯಿತು. ಮೂರನೆಯ ದಿನ ಡೊಂಬಿವಲಿಯ ನಮ್ಮ ಕಟ್ಟಡದ ಹಿಂದಿನ ರಸ್ತೆಯಲ್ಲಿರುವ ಹಲ್ಲಿನ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವಳು. ಕುರ್ಚಿ ಹಿಂದಕ್ಕೆ ಬಾಗಿಸಿ, ದೀಪ ಹಾಕಿ, ಪುಟ್ಟ ಕನ್ನಡಿಯಿಂದ ಬಾಯಿಯೊಳಗೆಲ್ಲ ಯಾತ್ರೆ ಮಾಡಿದಳು. ಒಡೆದದ್ದನ್ನು ತುಂಬಿಸುವುದು ಹತ್ತು ನಿಮಿಷದ ಕೆಲಸ, ಆದರೆ ಒಡೆದದ್ದು ಯಾಕೆ ಅಂತ ಗೊತ್ತಾ ಅಂತ ಕೇಳಿದಳು. ಕೆಳಗಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ, ಕಚ್ಚುವ ಭಾರವೆಲ್ಲ ಒಂದೇ ಹಲ್ಲಿನ ಮೇಲೆ ಬೀಳುತ್ತಿದೆ, ಸಂದಿಗಳಲ್ಲಿ ಬ್ರಶ್ ಹೋಗುವುದಿಲ್ಲ, ಅದಕ್ಕೇ ವಸಡು ಊದಿಕೊಂಡಿದೆ ಅಂದಳು. ಆಮೇಲೆ ಹಿಂದಿಯಲ್ಲಿ, ತೀರಾ ಸಹಜವಾಗಿ, "ಆಂಟಿ, ಆಪ್ ಬ್ರೇಸಸ್ ಕೇ ಬಾರೇ ಮೇ ಸೋಚಿಯೇ" ಅಂದಳು.

ನಾನು ನಕ್ಕುಬಿಟ್ಟೆ. ಅರವತ್ತೆರಡಕ್ಕೆ ಹಲ್ಲಿಗೆ ತಂತಿ! ನಗುವಾಗ ಎಂದಿನಂತೆ ನನ್ನ ಬಲಗೈ ಮೇಲೆದ್ದು ಬಾಯಿಯನ್ನು ಮುಚ್ಚಿತು. ಆ ಹುಡುಗಿ ಅದನ್ನು ನೋಡಿದಳು. ಏನೂ ಅನ್ನಲಿಲ್ಲ. ಆದರೆ ನೋಡಿದಳು ಅನ್ನುವುದು ನನಗೆ ಗೊತ್ತಾಯಿತು.

ನನ್ನ ಹಲ್ಲಿನ ಚರಿತ್ರೆಯನ್ನು ನಿಮಗೆ ಸ್ವಲ್ಪ ಹೇಳಬೇಕು. ಮೇಲಿನ ಸಾಲಿನಲ್ಲಿ ಎಡಗಡೆಯ ಕೋರೆಹಲ್ಲು ಸಾಲು ಬಿಟ್ಟು ಹೊರಗೆ ನಿಂತಿದೆ, ಜಾತ್ರೆಯ ಗುಂಪಿನಲ್ಲಿ ಒಳಗೆ ನುಗ್ಗಲಾರದೆ ಅಂಚಿಗೆ ಒತ್ತಿಕೊಂಡು ನಿಂತವರ ಹಾಗೆ. ನನ್ನ ಅಮ್ಮನಿಗೂ ಅದೇ ಜಾಗದಲ್ಲಿ ಅದೇ ಹಲ್ಲು ಹಾಗೇ ಇತ್ತು. ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಅಂತ ಊರಲ್ಲಿ ಅಜ್ಜಿಯಂದಿರು ಹೇಳುತ್ತಿದ್ದರು. ಆದರೆ 1985ರಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಅದೃಷ್ಟದ ಆ ಹಲ್ಲನ್ನು ಯಾರಿಗೂ ತೋರಿಸಬೇಡವೆಂದು ಚಿಕ್ಕಮ್ಮ ಒಳಗೆ ಕರೆದು ಹೇಳಿದರು. "ಕೇಳಿದ್ದಕ್ಕೆ ಉತ್ತರ ಹೇಳು, ನಗಬೇಡ. ನಗು ಬಂದರೆ ಸೆರಗು ಅಡ್ಡ ಹಿಡಿ." ನಾನು ಹಾಗೇ ಮಾಡಿದೆ. ಮದುವೆಯೂ ಆಯಿತು. ಯಜಮಾನರು ನನ್ನ ಕೋರೆಹಲ್ಲನ್ನು ಮೊದಲು ನೋಡಿದ್ದು ಮದುವೆಯಾಗಿ ಹದಿನೈದು ದಿನದ ಮೇಲೆ, ಮುಂಬಯಿಗೆ ಬರುವ ಬಸ್ಸಿನಲ್ಲಿ, ನಾನು ನಿದ್ದೆಯಲ್ಲಿ ಬಾಯಿ ತೆರೆದಾಗಲಂತೆ. ಈಗಲೂ ಅದನ್ನು ಹೇಳಿ ನಗುತ್ತಾರೆ.

ಆಗಿನ್ನೂ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿ ಆದದ್ದು 1998ರಲ್ಲಿ. ಕುಂದಾಪುರದಿಂದ ಬಸ್ಸು ಹತ್ತಿದರೆ ಘಟ್ಟ ಹತ್ತಿ ಇಳಿದು ಮುಂಬಯಿ ಸೇರುವಷ್ಟರಲ್ಲಿ ಮೈಯ ಎಲುಬೆಲ್ಲ ಜಾಗ ಬದಲಿಸಿರುತ್ತಿದ್ದವು. ಹಾಗೆ ಬಂದವಳು ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತೆಯಾಗಿ ಸೇರಿದೆ. ಮೊದಲ ವಾರದಲ್ಲೇ ನನಗೊಂದು ಅಡ್ಡಹೆಸರು ಬಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂವತ್ತೇಳು ವರ್ಷ ಕೆಲಸ ಮಾಡಿ 2023ರಲ್ಲಿ ನಿವೃತ್ತಳಾದೆ. ಬೀಳ್ಕೊಡುಗೆಯ ಭಾಷಣದಲ್ಲಿ ಒಬ್ಬರು ಆ ಹೆಸರನ್ನು ಪ್ರೀತಿಯಿಂದಲೇ ನೆನಪಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕೈ ಅಡ್ಡ ಹಿಡಿದು.

ಮನೆಗೆ ಬಂದು ಡಾಕ್ಟರು ಹೇಳಿದ್ದನ್ನು ಜೋಕಿನ ಹಾಗೆ ಎಲ್ಲರಿಗೂ ಹೇಳಿದೆ. ಠಾಣೆಯಲ್ಲಿರುವ ಮಗಳು ಮಾತ್ರ ನಗಲಿಲ್ಲ. "ಮಾಡಿಸ್ಕೋ ಅಮ್ಮ, ಏನೀಗ?" ಅಂದಳು. ಯಜಮಾನರು, "ಹಲ್ಲು ಉದುರುವ ಕಾಲಕ್ಕೆ ಹಲ್ಲು ನೆಟ್ಟಗೆ ಮಾಡೋದಾ?" ಅಂದರು. ಊರಿನಲ್ಲಿರುವ ತಮ್ಮ ಫೋನಿನಲ್ಲಿ ಗಾದೆ ಹೇಳಿದ: "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ, ಅಲ್ದಾ ಅಕ್ಕ?" ಅವನು ತಮಾಷೆಗೆ ಹೇಳಿದ್ದು. ಆದರೆ ನನ್ನ ವಿಷಯದಲ್ಲಿ ಅದು ಅಕ್ಷರಶಃ ನಿಜ. ಹದಿನಾಲ್ಕು ವರ್ಷದಲ್ಲಿ ಈ ಕೆಲಸ ಆಗಬೇಕಿತ್ತು. ಆಗ ನಮ್ಮ ಮನೆಯಲ್ಲಿ ಹಲ್ಲು ನೋವಿಗೆ ಲವಂಗ, ಅದಕ್ಕೂ ಬಗ್ಗದಿದ್ದರೆ ಕೀಳುವುದು, ಇವೆರಡೇ ಚಿಕಿತ್ಸೆ ಗೊತ್ತಿದ್ದದ್ದು. ಈಗ ಕಡಲೆ ಕೊಳ್ಳುವ ಶಕ್ತಿ ಇದೆ. ಹಲ್ಲೂ ಇನ್ನೂ ಇದೆ. ಹಾಗಾದರೆ ಅಡ್ಡಿ ಏನು?

ಮೊದಲ ಅಡ್ಡಿ ವಯಸ್ಸು ಅಂದುಕೊಂಡಿದ್ದೆ. ಎಳೆ ಬಿದಿರು ಬಾಗುತ್ತದೆ, ಬಲಿತದ್ದು ಬಾಗುತ್ತದೆಯೇ? ಎರಡನೆಯ ಸಲ ಹೋದಾಗ ಅದನ್ನೇ ಕೇಳಿದೆ. ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ದವಡೆಯಲ್ಲಿ ಕೂತಿಲ್ಲ ಅಂತ ಅವಳು ವಿವರಿಸಿದಳು. ಬೇರಿಗೂ ಎಲುಬಿಗೂ ನಡುವೆ ತೆಳ್ಳಗಿನ ನಾರಿನ ಪದರವಿದೆ. ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ, ಆದರೆ ಎಡೆಬಿಡದೆ ಒತ್ತುತ್ತಿದ್ದರೆ, ಒತ್ತು ಬಿದ್ದ ಕಡೆಯ ಎಲುಬನ್ನು ದೇಹವೇ ಕರಗಿಸುತ್ತದೆ, ಹಿಂದೆ ತೆರವಾದ ಕಡೆ ಹೊಸ ಎಲುಬು ಕಟ್ಟುತ್ತದೆ. ಹಲ್ಲು ಎಲುಬಿನ ನಡುವೆಯೇ ನಡೆದುಕೊಂಡು ಹೋಗುತ್ತದೆ, ತಿಂಗಳಿಗೆ ಹೆಚ್ಚೆಂದರೆ ಸುಮಾರು ಒಂದು ಮಿಲಿಮೀಟರು. ಜೋರು ಮಾಡಿದರೆ ಬೇಗ ಹೋಗುವುದಿಲ್ಲ, ಬೇರಿಗೇ ಪೆಟ್ಟು. ಈ ಎಲುಬು ಕರಗಿ ಕಟ್ಟುವ ಕೆಲಸ ಬದುಕಿರುವವರೆಗೂ ನಿಲ್ಲುವುದಿಲ್ಲ. ಹಾಗಾಗಿ ಅರವತ್ತರಲ್ಲೂ ಹಲ್ಲು ಚಲಿಸುತ್ತದೆ. ಮಕ್ಕಳಲ್ಲಾದರೆ ದವಡೆ ಬೆಳೆಯುವುದನ್ನೇ ಬಳಸಿಕೊಳ್ಳಬಹುದು, ದೊಡ್ಡವರಲ್ಲಿ ಅದು ಸಾಧ್ಯವಿಲ್ಲ, ದವಡೆಯದ್ದೇ ದೋಷವಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. "ನಿಮ್ಮ ದವಡೆ ಸರಿಯಾಗಿದೆ, ಜಾಗ ಮಾತ್ರ ಸಾಲದು. ನಾನು ನೋಡುವುದು ವಯಸ್ಸನ್ನಲ್ಲ, ವಸಡನ್ನು" ಅಂದಳು. ಸಕ್ಕರೆ ಕಾಯಿಲೆ ಇದೆಯೇ, ಎಲುಬು ಸವೆತಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತೆಲ್ಲ ಕೇಳಿ ಬರೆದುಕೊಂಡಳು. ಕೆಲವು ಮಾತ್ರೆಗಳು ಎಲುಬಿನ ಈ ಕೆಲಸವನ್ನೇ ತಡೆಯುತ್ತವಂತೆ.

ಇನ್ನೊಂದು ಸಂಗತಿ ಹೇಳಿದಳು, ಅದು ನನ್ನನ್ನು ಯೋಚನೆಗೆ ಹಚ್ಚಿತು. ನನ್ನ ಕೆಳಗಿನ ಹಲ್ಲುಗಳು ಹುಟ್ಟಿನಿಂದ ಇಷ್ಟು ವಕ್ರವಿರಲಿಕ್ಕಿಲ್ಲ. ವಯಸ್ಸಾದಂತೆ ಎಲ್ಲರ ಹಲ್ಲುಗಳೂ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತ ಬರುತ್ತವೆ, ಕೆಳಗಿನ ಮುಂಭಾಗದಲ್ಲಿ ಇಕ್ಕಟ್ಟು ಹೆಚ್ಚುತ್ತದೆ. ಅಂದರೆ ಯಾರೂ ಏನೂ ಮಾಡದಿದ್ದರೂ ಹಲ್ಲು ಇದ್ದಲ್ಲಿ ಇರುವುದಿಲ್ಲ. ದೇವರು ಕೊಟ್ಟಂತೆ ಇರಲಿ ಅಂತ ನಾನು ಯಾವುದನ್ನು ಕಾಪಾಡಿಕೊಳ್ಳುತ್ತಿದ್ದೇನೋ ಅದು ದೇವರು ಕೊಟ್ಟಂತೆ ಉಳಿದೇ ಇಲ್ಲ.

ಲೋಕಲ್ ರೈಲಿನಲ್ಲಿ ವಾಪಸು ಬರುವಾಗ ಇದನ್ನೇ ಮೆಲುಕು ಹಾಕುತ್ತಿದ್ದೆ. ಮೆಲ್ಲಗೆ, ಎಡೆಬಿಡದೆ ಒತ್ತುವುದು. ಈ ಮುಂಬಯಿ ನನಗೆ ಮಾಡಿದ್ದೂ ಅದನ್ನೇ ಅಲ್ಲವೇ? ಬಂದ ಹೊಸದರಲ್ಲಿ ನನ್ನ ಹಿಂದಿ ಕೇಳಿ ತರಕಾರಿಯವನು ನಗುತ್ತಿದ್ದ. ಕೆಲಸದವಳನ್ನು ಎಲ್ಲರೂ 'ಬಾಯಿ' ಅಂತ ಕರೆಯುವುದು ಕೇಳಿ ನಾನು ಬೆಚ್ಚಿದ್ದೆ. ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು, ನಮಗೆ ಬಾಯಿ ಅಂದರೆ ಬಾಯಿಯೇ. 'ಬಾಯಿ ಬಂದಿಲ್ಲ' ಅಂತ ಪಕ್ಕದ ಮನೆಯವರು ಅಂದರೆ ನನಗೆ ಮೂಕಿಯೊಬ್ಬಳ ಚಿತ್ರ ಕಣ್ಣಿಗೆ ಬರುತ್ತಿತ್ತು. ಇವತ್ತು ನಾನು ಕನಸಿನಲ್ಲೂ ಮರಾಠಿಯಲ್ಲಿ ಚೌಕಾಸಿ ಮಾಡುತ್ತೇನೆ. ನನ್ನ ಉದ್ದ ಹೆಸರು ಆಫೀಸಿನಲ್ಲಿ ಎರಡಕ್ಷರವಾಯಿತು. ಕುಚ್ಚಲಕ್ಕಿ ಹೋಗಿ ಬೆಳ್ತಿಗೆ ಬಂತು, ಆಮೇಲೆ ಚಪಾತಿ ಬಂತು. ಊರಿಗೆ ಹೋದರೆ "ನಿಂದ್ ಮಾತ್ ಬದ್ಲಾಯ್ತ್ ಕಾಣ್" ಅನ್ನುತ್ತಾರೆ. ಯಾರೂ ನನ್ನನ್ನು ಸುತ್ತಿಗೆಯಿಂದ ಬಡಿದು ಬದಲಾಯಿಸಲಿಲ್ಲ. ತಿಂಗಳಿಗೊಂದು ಮಿಲಿಮೀಟರಿನಂತೆ ಸರಿದೆ, ಅಷ್ಟೇ. ಸರಿಯದೆ ಉಳಿದದ್ದು ಆ ಕೋರೆಹಲ್ಲು ಒಂದೇ. ಅದನ್ನೂ ಸಾಲಿಗೆ ಸೇರಿಸಿಬಿಟ್ಟರೆ ನಾನು ಎಲ್ಲಿಂದ ಬಂದವಳು ಅನ್ನುವುದಕ್ಕೆ ನನ್ನ ಮುಖದಲ್ಲಿ ಯಾವ ಸಾಕ್ಷಿ ಉಳಿಯುತ್ತದೆ?

ಇದು ಎರಡನೆಯ ಅಡ್ಡಿ, ಮತ್ತು ವಯಸ್ಸಿಗಿಂತ ದೊಡ್ಡದು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಕೋವಿಡ್‌ನ ಎರಡನೇ ಅಲೆಯ ಹೊತ್ತು, 2021. ನಾನು ಹೋಗಿ ಮುಖ ನೋಡಲಾಗಲಿಲ್ಲ. ಅದಾದ ಮೇಲೆ ಕೆಲವೊಮ್ಮೆ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಅಮ್ಮ ಕಾಣಿಸುತ್ತಾಳೆ. ಅದೇ ಕೆನ್ನೆ, ಅದೇ ಹಲ್ಲು. ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ದುಡ್ಡು ಕೊಟ್ಟು ನಾನು ಕನ್ನಡಿಯಿಂದ ಅಮ್ಮನನ್ನು ಅಳಿಸಿಹಾಕುವುದೇ?

ದುಡ್ಡಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದು ಮೂರನೆಯ ಅಡ್ಡಿ. ನಮ್ಮ ಮನೆಗೆ ಹತ್ತೊಂಬತ್ತು ವರ್ಷದಿಂದ ಬರುತ್ತಿರುವ ಕೆಲಸದವಳಿಗೆ ಐವತ್ತು ದಾಟಿಲ್ಲ, ಮುಂದಿನ ಎರಡು ಹಲ್ಲು ಇಲ್ಲ. ಚಿಕ್ಕಂದಿನಿಂದ ಹೊಗೆಸೊಪ್ಪಿನ ಪುಡಿ ಮಿಶ್ರಿಯಿಂದ ಹಲ್ಲು ತಿಕ್ಕಿದ ಫಲ. ಅವಳ ಎದುರು ನಾನು ಇರುವ ಹಲ್ಲನ್ನು ನೆಟ್ಟಗೆ ಮಾಡಲು ಲಕ್ಷ ಸುರಿಯುವುದು ಯಾವ ನ್ಯಾಯ ಅನ್ನಿಸಿತು. ಒಂದು ದಿನ ಪಾತ್ರೆ ತೊಳೆಯುವಾಗ ವಿಷಯ ತೆಗೆದೆ. ಅವಳು ಬೈಯುತ್ತಾಳೆ, ಅಥವಾ ಒಳಗೊಳಗೇ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ. ಮೇ ತಿಂಗಳಲ್ಲಿ ಮಗಳ ಮದುವೆ ಇದೆ, ಫೋಟೋದಲ್ಲಿ ಈ ಖಾಲಿ ಜಾಗ ಕಾಣಬಾರದು, ಕಡಿಮೆಯಲ್ಲಿ ಹಲ್ಲು ಕೂಡಿಸುವವರು ಎಲ್ಲಾದರೂ ಇದ್ದಾರಾ ಅಂತ. ಮುಂಬಯಿ ಸೆಂಟ್ರಲ್ಲಿನಲ್ಲಿ 1933ರಿಂದ ನಡೆಯುತ್ತಿರುವ ನಾಯರ್ ದಂತ ಕಾಲೇಜಿಗೆ ಅವಳನ್ನು ಕರೆದುಕೊಂಡು ಹೋದೆ. ಸಾಲಿನಲ್ಲಿ ಕಾದೆವು, ನಾಲ್ಕೈದು ಸಲ ಅಲೆದೆವು. ಕೊನೆಗೆ ತೆಗೆದು ಹಾಕುವ ಎರಡು ಹಲ್ಲು ಬಂದವು. ಮದುವೆಯ ಫೋಟೋದಲ್ಲಿ ಅವಳು ಮದುಮಗಳಿಗಿಂತ ಹೆಚ್ಚು ನಕ್ಕಿದ್ದಾಳೆ.

ಇದನ್ನು ನನ್ನ ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳಲು ಹೇಳುತ್ತಿಲ್ಲ. ಹತ್ತೊಂಬತ್ತು ವರ್ಷ ಆ ಖಾಲಿ ಜಾಗವನ್ನು ದಿನವೂ ನೋಡಿದ್ದ ನನಗೆ ಆ ಯೋಚನೆ ಬಂದದ್ದು ನನ್ನ ಹಲ್ಲಿನ ಚಿಂತೆ ಹತ್ತಿದ ಮೇಲೆಯೇ. ಹೇಳುವುದು ಬೇರೆ ಕಾರಣಕ್ಕೆ. ಚೆಂದ ಕಾಣುವ ಆಸೆ ಉಳ್ಳವರ ಚಪಲ, ಇಲ್ಲದವರಿಗೆ ಅನ್ನ ಮಾತ್ರ ಸಾಕು ಅಂತ ನಾನು ಅಂದುಕೊಂಡಿದ್ದೆ. ಅದು ನನ್ನ ಅಹಂಕಾರ. ಅವಳಿಗೂ ಬಾಯಿ ತುಂಬ ನಗಬೇಕಿತ್ತು. ಲಕ್ಷ ರೂಪಾಯಿ ದೊಡ್ಡ ಮೊತ್ತ, ಅದರ ಮುಜುಗರ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಅದೇ ದುಡ್ಡಿಗೆ ನಾನು ಚಿನ್ನ ಕೊಂಡು ಲಾಕರಿನಲ್ಲಿ ಇಟ್ಟಿದ್ದರೆ ನ್ಯಾಯ ಅನ್ಯಾಯದ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿಕೊಳ್ಳುತ್ತಿರಲಿಲ್ಲ. ನನ್ನ ವಯಸ್ಸಿನ ಹೆಂಗಸು ಮೈಮೇಲೆ ಹೇರಿಕೊಳ್ಳುವುದು ಮರ್ಯಾದೆ, ಮೈಗೆ ಬೇಕಾದದ್ದು ಕೇಳಿಕೊಳ್ಳುವುದು ಮಾತ್ರ ಚಪಲ!

ಹಾಗಾದರೆ ನೆಟ್ಟಗಿನ ಹಲ್ಲು ಚೆಂದ ಅಂತ ತೀರ್ಮಾನ ಮಾಡಿದ್ದು ಯಾರು? ಮಗಳು ತಂದುಕೊಟ್ಟ ಪುಸ್ತಕಗಳಲ್ಲಿ ಇದನ್ನು ಹುಡುಕಿದೆ. ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಎಡ್ವರ್ಡ್ ಆಂಗಲ್. 1899ರಲ್ಲಿ ಅವನು ಹಲ್ಲಿನ ಕೂಡುವಿಕೆಯ ದೋಷಗಳನ್ನು ಮೂರು ವರ್ಗ ಮಾಡಿದ, ಇವತ್ತಿಗೂ ನನ್ನ ಚೀಟಿಯಲ್ಲಿ ಬರೆದಿರುವುದು ಅವನದೇ ಮೊದಲ ವರ್ಗ. ಮುಖದ ಚೆಲುವಿಗೆ ಅವನು ಮಾದರಿಯಾಗಿ ಇಟ್ಟುಕೊಂಡಿದ್ದು ವ್ಯಾಟಿಕನ್ನಿನಲ್ಲಿರುವ ಅಪೊಲೊ ಬೆಲ್ವೆಡೇರ್ ಎಂಬ ಅಮೃತಶಿಲೆಯ ವಿಗ್ರಹವನ್ನು. ಕುಂದಾಪುರದ ಹೆಂಗಸಿನ ದವಡೆಗೆ ರೋಮಿನ ದೇವರ ಅಳತೆ! ಎಲ್ಲ ಜನಾಂಗಕ್ಕೂ ಒಂದೇ ಅಳತೆ ಸಲ್ಲದು ಅಂತ ಈಗಿನ ಡಾಕ್ಟರುಗಳು ಒಪ್ಪುತ್ತಾರೆ. ಇನ್ನೊಂದು ತಮಾಷೆ ನೋಡಿ. ಜಪಾನಿನಲ್ಲಿ ನನ್ನ ಹಾಗೆ ಮುಂದೆ ಬಂದ ಕೋರೆಹಲ್ಲಿಗೆ 'ಯಾಯೆಬಾ' ಅಂತ ಹೆಸರು, ಅದು ಮುದ್ದಾಗಿ ಕಾಣುತ್ತದೆ ಅಂತ ಹದಿನೈದು ವರ್ಷದ ಹಿಂದೆ ಅಲ್ಲಿಯ ಕೆಲವು ಹುಡುಗಿಯರು ದುಡ್ಡು ಕೊಟ್ಟು ನೆಟ್ಟಗಿನ ಹಲ್ಲಿನ ಮೇಲೆ ಸುಳ್ಳು ಕೋರೆ ಅಂಟಿಸಿಕೊಂಡರು. ನಾನು ಟೋಕಿಯೋದಲ್ಲಿ ಹುಟ್ಟಿದ್ದರೆ ಚಿಕ್ಕಮ್ಮ ನನ್ನನ್ನು ಒಳಗೆ ಕರೆದು, "ಬಾಯಿ ಬಿಟ್ಟು ನಗು ಮಾರಾಯ್ತಿ" ಅನ್ನುತ್ತಿದ್ದಳೋ ಏನೋ.

ಆದ್ದರಿಂದ ಹಟ ಮಾಡಿಬಿಡೋಣ ಅನ್ನಿಸಿತು. ಯಾರದೋ ಅಳತೆಗೆ ನಾನು ಯಾಕೆ ಬಗ್ಗಬೇಕು? ಇದ್ದ ಹಾಗೇ ಇರುತ್ತೇನೆ, ನೋಡುವವರು ನೋಡಲಿ. ಈ ಮಾತನ್ನು ಮಗಳಿಗೆ ಗತ್ತಿನಿಂದಲೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ದ ಹಾಗೇ ಇರು ಅಮ್ಮ, ಆದ್ರೆ ನೀನು ಇದ್ದ ಹಾಗೇ ಎಲ್ಲಿ ಇದೀಯ? ಯಾವಾಗ್ಲೂ ಬಾಯಿ ಮುಚ್ಕೊಂಡೇ ಇರ್ತೀಯಲ್ಲ" ಅಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹಳೆಯ ಆಲ್ಬಂ ತೆಗೆದೆ, ಅಮ್ಮನ ಫೋಟೋ ನೋಡೋಣ ಅಂತ. ಇರುವುದೇ ಒಂಬತ್ತು ಫೋಟೋ. ಎಂಟರಲ್ಲಿ ಅಮ್ಮ ತುಟಿ ಬಿಗಿದು ನಿಂತಿದ್ದಾಳೆ, ಜಗಳವಾಡಿ ಬಂದವಳ ಹಾಗೆ. ಅಮ್ಮನನ್ನು ಬಲ್ಲವರಿಗೆ ಗೊತ್ತು, ಆ ಊರಿನಲ್ಲಿ ಅವಳಷ್ಟು ನಗುತ್ತಿದ್ದವರು ಇನ್ನೊಬ್ಬರಿಲ್ಲ. ಒಂಬತ್ತನೆಯದು ತಮ್ಮನ ಮದುವೆಯದ್ದು. ಯಾರೋ ಏನೋ ಹೇಳಿದ್ದಕ್ಕೆ ಅಮ್ಮ ನಕ್ಕಿದ್ದಾಳೆ, ಅದೇ ಗಳಿಗೆಗೆ ಫೋಟೋದವನು ಒತ್ತಿದ್ದಾನೆ. ಆ ಫೋಟೋದಲ್ಲಿ ಹಲ್ಲು ಕಾಣುವುದಿಲ್ಲ. ಮೇಲೇಳುತ್ತಿರುವ ಕೈ ಕಾಣುತ್ತದೆ, ಅದೂ ಮಸುಕಾಗಿ.

ಆಗ ನೆನಪಾಯಿತು. ನನ್ನ ಮೊದಲ ಸಂಬಳದ ಮೇಲೆ ಊರಿಗೆ ಹೋಗಿದ್ದಾಗ ಅಮ್ಮನಿಗೆ ಸೀರೆ ಕೊಟ್ಟೆ. ಅವಳು ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡಿ ಹೇಳಿದ್ದಳು: "ನಂಗ್ ಸೀರೆ ಬ್ಯಾಡ. ನಿನ್ ಹಲ್ ಒಂದ್ ಸರಿ ಮಾಡ್ಸ್ಕೊ ಮಗಾ. ನಂಗ್ ಕೊಟ್ಟದ್ ದೇವ್ರ್, ನಿಂಗ್ ಕೊಟ್ಟದ್ ನಾನ್ ಅಲ್ದಾ." ನಾನು ಆಗ ಬೈದುಬಿಟ್ಟಿದ್ದೆ, ಏನೇನೋ ಮಾತಾಡಬೇಡ ಅಂತ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಸುಮಾರು ನಲವತ್ತು ವರ್ಷ ಆ ಮಾತು ನನ್ನ ತಲೆಯ ಯಾವ ಸಂದಿಯಲ್ಲಿ ಅಡಗಿತ್ತೋ.

ಕತ್ತಲಲ್ಲಿ ಆಲ್ಬಂ ಹಿಡಿದು ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ಅಮ್ಮನ ನೆನಪು ಅಂತ ನಾನು ಯಾವುದನ್ನು ಜೋಪಾನ ಮಾಡಲು ಹೊರಟಿದ್ದೇನೋ ಅದು ಅಮ್ಮನಿಗೆ ಹೆಮ್ಮೆಯದ್ದಾಗಿರಲಿಲ್ಲ. ಅವಳು ಅದನ್ನು ಬದುಕಿಡೀ ಮುಚ್ಚಿಟ್ಟಳು, ನನಗೆ ದಾಟಿಸಿದೆನಲ್ಲ ಅಂತ ಮರುಗಿದಳು. ಅದನ್ನು ಹಾಗೇ ಇಟ್ಟುಕೊಳ್ಳುವುದು ಅವಳನ್ನು ಉಳಿಸಿಕೊಳ್ಳುವುದಲ್ಲ, ಅವಳ ನಾಚಿಕೆಯನ್ನು ಉಳಿಸಿಕೊಳ್ಳುವುದು. ಅಷ್ಟೇ ಅಲ್ಲ, ಹಲ್ಲು ನನ್ನ ಸಮಸ್ಯೆಯ ಅರ್ಧ ಮಾತ್ರ. ಉಳಿದರ್ಧ ಕೈ. ಹಲ್ಲನ್ನು ಸರಿಮಾಡಿಸಿದರೂ ಕೈ ಏಳುತ್ತಲೇ ಇದ್ದರೆ ಲಕ್ಷ ರೂಪಾಯಿ ನೀರಿಗೆ. ಹಟ ಹಿಡಿದು ಸರಿಮಾಡಿಸದೆ ಉಳಿದರೂ ಕೈ ಏಳುತ್ತಲೇ ಇದ್ದರೆ ಆ ಹಟಕ್ಕೆ ಬೆಲೆ ಇಲ್ಲ. ಎರಡರಲ್ಲೂ ನಾನು ನೋಡುವವರ ಕಣ್ಣಿಗೇ ಉತ್ತರ ಕೊಡುತ್ತಿದ್ದೇನೆ.

ಇದನ್ನು ಇನ್ನೂ ಗಟ್ಟಿ ಮಾಡಿದ್ದು ಮೊಮ್ಮಗಳು. ದೀಪಾವಳಿಗೆ ಮಗಳ ಮನೆಗೆ ಹೋಗಿದ್ದೆವು. ಆರು ವರ್ಷದ ಹುಡುಗಿ, ಹಾಲುಹಲ್ಲು ಎರಡು ಬಿದ್ದಿವೆ. ಅಜ್ಜ ಏನೋ ಮಂಗಾಟ ಮಾಡಿದ್ದಕ್ಕೆ ಖಿಲಖಿಲ ನಕ್ಕಳು, ನಗುತ್ತ ಪುಟ್ಟ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು. "ಯಾಕೆ ಪುಟ್ಟ, ಹಲ್ಲು ಬಿದ್ದಿದ್ದಕ್ಕೆ ನಾಚಿಕೆನಾ?" ಅಂತ ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇಲ್ಲ, ಅಜ್ಜಿ ನಗೋದು ಹೀಗೇ ಅಲ್ವಾ" ಅಂದಳು.

ನನ್ನ ಕೋರೆಹಲ್ಲು ಮಗಳಿಗೆ ಬರಲಿಲ್ಲ. ಮೊಮ್ಮಗಳಿಗೆ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು. ಆದರೆ ಕೈ ಆಗಲೇ ಬಂದುಬಿಟ್ಟಿತ್ತು. ಹಲ್ಲು ರಕ್ತದಲ್ಲಿ ಬರಬೇಕು, ಕೈಗೆ ರಕ್ತವೂ ಬೇಡ. ನೋಡಿದರೆ ಸಾಕು.

ಅವತ್ತಿನಿಂದ ನಾನು ಒಂದು ಪರೀಕ್ಷೆ ಶುರುಮಾಡಿದೆ. ಡಾಕ್ಟರು ಹೇಗೂ ಮೂರು ತಿಂಗಳು ಅವಧಿ ಕೊಟ್ಟಿದ್ದಳು. ಮೊದಲು ವಸಡಿನ ಅಡಿಯ ಗಾರೆಯನ್ನೆಲ್ಲ ತೆಗೆದು, ವಸಡು ವಾಸಿಯಾದ ಮೇಲೆ ಮತ್ತೆ ಅಳತೆ ಮಾಡಿಯೇ ಮುಂದಿನ ಮಾತು ಅಂದಿದ್ದಳು. ಉರಿಯುವ ವಸಡಿನಲ್ಲಿ ಹಲ್ಲು ಸರಿಸಿದರೆ ಹಲ್ಲೇ ಸಡಿಲವಾಗುತ್ತದಂತೆ. ಆ ಮೂರು ತಿಂಗಳು ಕೈ ಅಡ್ಡ ಹಿಡಿಯದೆ ನಗುವುದು, ಆಮೇಲೂ ಹಲ್ಲು ಸರಿಮಾಡಿಸಬೇಕು ಅನ್ನಿಸಿದರೆ ಮಾಡಿಸುವುದು, ಇಲ್ಲದಿದ್ದರೆ ಬಿಡುವುದು. ಕೇಳಲು ಸುಲಭ. ಮೊದಲ ವಾರ ಕೈ ನನ್ನ ಮಾತನ್ನೇ ಕೇಳಲಿಲ್ಲ. ನಗು ಬರುವ ಮೊದಲೇ ಅದು ಎದ್ದಿರುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ನಕ್ಕದ್ದೂ ಉಂಟು. ಮಾಟುಂಗದಲ್ಲಿ ಒಂದು ಕನ್ನಡ ಕಾರ್ಯಕ್ರಮಕ್ಕೆ ಹೋಗಿದ್ದಾಗ ಭಾಷಣಕಾರರು ಒಂದು ನಗೆಹನಿ ಹೇಳಿದರು. ನಾನು ಕುರ್ಚಿಯ ಕೈ ಗಟ್ಟಿ ಹಿಡಿದು ಬಾಯಿ ತುಂಬ ನಕ್ಕೆ. ಪಕ್ಕದಲ್ಲಿದ್ದ ಹಳೆಯ ಪರಿಚಯದ ಹೆಂಗಸು ತಿರುಗಿ ನೋಡಿದರು. ಸರಿ, ಬಂತು, ಅಂದುಕೊಂಡೆ. ಅವರು, "ನಿಮ್ಮ ಸೀರೆ ಚೆಂದ ಇದೆ, ಎಲ್ಲಿ ತಗೊಂಡ್ರಿ?" ಅಂತ ಕೇಳಿದರು. ನಲವತ್ತು ವರ್ಷ ನಾನು ಯಾವ ಕಣ್ಣುಗಳಿಗೆ ಹೆದರಿ ಕೈ ಎತ್ತುತ್ತಿದ್ದೆನೋ ಅವುಗಳಿಗೆ ನನ್ನ ಹಲ್ಲನ್ನು ನೋಡಲು ಪುರುಸೊತ್ತೇ ಇರಲಿಲ್ಲ. ಆಫೀಸಿನ ಆ ಅಡ್ಡಹೆಸರು ಸುಳ್ಳಲ್ಲ, ಅದು ನೋಯಿಸಿದ್ದೂ ಸುಳ್ಳಲ್ಲ. ಆದರೆ ಅದನ್ನು ಕೂಗಿದವರು ಮರೆತ ಮೇಲೂ ಅದರ ಪರವಾಗಿ ಕೆಲಸ ಮಾಡುತ್ತಿದ್ದುದು ನನ್ನ ಕೈಯೇ.

ಮೂರು ತಿಂಗಳಾಯಿತು. ವಸಡಿನ ಅಳತೆ ಸರಿಬಂತು. ಕೈಯೂ ಬಹುಮಟ್ಟಿಗೆ ಮಡಿಲಲ್ಲಿ ಇರಲು ಕಲಿಯಿತು. ಆಮೇಲೆ ನನ್ನನ್ನು ನಾನೇ ಕೇಳಿಕೊಂಡೆ: ಈಗಲೂ ಬೇಕಾ? ಬೇಡ ಅಂತ ಉತ್ತರ ಬಂದಿದ್ದರೆ ಈ ಪ್ರಬಂಧಕ್ಕೆ ಒಳ್ಳೆಯ ನೀತಿಯ ಮುಕ್ತಾಯ ಸಿಗುತ್ತಿತ್ತು. ಆದರೆ ನಿಜ ಹೇಳಬೇಕಲ್ಲ, ಬೇಕು ಅಂತಲೇ ಬಂತು. ಕೆಳಗಿನ ಹಲ್ಲು ಮತ್ತೆ ಒಡೆಯಬಾರದು, ಉಜ್ಜಿದರೆ ಸ್ವಚ್ಛವಾಗಬೇಕು, ಅದು ಒಂದು. ಮೇಲಿನದ್ದಕ್ಕೆ ಅಂಥ ಕಾರಣವಿಲ್ಲ. ಒಮ್ಮೆ ಸಾಲಾಗಿ ನೋಡಬೇಕು ಅನ್ನಿಸಿದೆ, ಅಷ್ಟೇ. ಮೊದಲು ಈ ಆಸೆಗೆ ಆರೋಗ್ಯದ ಸೆರಗು ಹೊದಿಸಿ ಹೇಳುತ್ತಿದ್ದೆ. ಈಗ ಸೆರಗು ತೆಗೆದು ಹೇಳಬಲ್ಲೆ. ಆಸೆ ಮೊದಲಿಗಿಂತ ಚಿಕ್ಕದಾಗಿದೆ, ಆದರೆ ಅದು ನನ್ನದೇ. ನಾಚಿಕೆ ದೂಡಿದ್ದಕ್ಕೆ ಮಾಡುವ ಕೆಲಸಕ್ಕೂ, ನಾಚಿಕೆ ಇಳಿದ ಮೇಲೂ ಬೇಕೆನಿಸಿ ಮಾಡುವ ಕೆಲಸಕ್ಕೂ ಹೊರಗಿನಿಂದ ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಮಾಡುವವಳಿಗೆ ಗೊತ್ತು.

ಕನ್ನಡಿಯಲ್ಲಿನ ಅಮ್ಮ? ಅದನ್ನೂ ಡಾಕ್ಟರಿಗೆ ಕೇಳಿದೆ, ಬೇರೆ ಮಾತಿನಲ್ಲಿ. ಹಲ್ಲು ಕೀಳಬೇಕಾ ಅಂತ. ಬೇಡ, ಹಲ್ಲುಗಳ ಪಕ್ಕದಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಸವರಿ ಜಾಗ ಮಾಡುತ್ತೇನೆ ಅಂದಳು. ಅಂದರೆ ಹಲ್ಲು ಅದೇ ಇರುತ್ತದೆ, ನಿಲ್ಲುವ ಜಾಗ ಮಾತ್ರ ಬದಲು. ಕುಂದಾಪುರದಿಂದ ಡೊಂಬಿವಲಿಗೆ ಬಂದವಳಿಗೆ ಈ ವ್ಯತ್ಯಾಸ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾಳೆ. ಸರಿಸಿದ ಹಲ್ಲು ಹಳೆಯ ಜಾಗವನ್ನು ಮರೆಯುವುದಿಲ್ಲ, ವಸಡಿನ ನಾರುಗಳು ಅದನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತವೆ, ಆದ್ದರಿಂದ ತಂತಿ ತೆಗೆದ ಮೇಲೂ ರಾತ್ರಿ ಹೊತ್ತು ಹಿಡಿಕೆಯೊಂದನ್ನು ಹಾಕಿಕೊಂಡೇ ಮಲಗಬೇಕು, ಬಹುಶಃ ಬದುಕಿರುವಷ್ಟು ದಿನ. ನಾನು ತಲೆಯಾಡಿಸಿದೆ. ರಾತ್ರಿ ಹೊತ್ತು ಊರಿನ ಕಡೆಗೆ ಎಳೆಯುವುದೂ ನನಗೆ ಹೊಸತಲ್ಲ.

1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಪಾರದರ್ಶಕ ಹಲ್ಲುಕವಚದ ಪದ್ಧತಿಯೂ ಇದೆ, ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ, ನಿಮ್ಮ ವಯಸ್ಸಿನವರು ಅದನ್ನೇ ಇಷ್ಟಪಡುತ್ತಾರೆ ಅಂದಳು ಡಾಕ್ಟರು. ದಿನಕ್ಕೆ ಇಪ್ಪತ್ತು ಗಂಟೆಗೂ ಮೇಲೆ ಹಾಕಿರಬೇಕು, ಊಟಕ್ಕೆ ತೆಗೆಯಬೇಕು, ಖರ್ಚೂ ಹೆಚ್ಚು. ನಾನು ಸಾದಾ ಲೋಹದ ತಂತಿ ಸಾಕು ಅಂದೆ. "ಕಾಣುತ್ತದೆ ಆಂಟಿ" ಅಂದಳು. ಕಾಣಲಿ ಅಂದೆ. ಇಷ್ಟು ವರ್ಷ ಮುಚ್ಚಿಟ್ಟದ್ದು ಸಾಕಾಗಿದೆ.

"ಎರಡು ವರ್ಷ ಬೇಕಲ್ಲ, ಮುಗಿಯುವಾಗ ನಿನಗೆ ಅರವತ್ತನಾಲ್ಕು ಆಗುತ್ತದೆ" ಅಂತ ಯಜಮಾನರು ಕೊನೆಯ ಅಸ್ತ್ರ ಬಿಟ್ಟರು. ಮಾಡಿಸದಿದ್ದರೂ ಅರವತ್ತನಾಲ್ಕು ಆಗುತ್ತದಲ್ಲ ಅಂದೆ. ಅವರು ಲೆಕ್ಕಪತ್ರ ವಿಭಾಗದಲ್ಲಿ ಇದ್ದವರು, ಲೆಕ್ಕ ಒಪ್ಪಿಕೊಂಡರು.

ಬರುವ ಸೋಮವಾರ ತಂತಿ ಕೂರಿಸುತ್ತಾರೆ. ತಿನ್ನಬಾರದ ಪದಾರ್ಥಗಳ ಪಟ್ಟಿಯೊಂದನ್ನು ಕೊಟ್ಟಿದ್ದಾರೆ. ಚಕ್ಕುಲಿ, ಕಬ್ಬು, ಹುರಿದ ಕಡಲೆ ಎಲ್ಲ ಎರಡು ವರ್ಷ ಬಂದ್. ತಮ್ಮನಿಗೆ ಫೋನು ಮಾಡಿ ನಿನ್ನ ಗಾದೆಯನ್ನು ತಿದ್ದಿಕೊಳ್ಳಬೇಕು ಅಂದೆ. ಹಲ್ಲೂ ಇದೆ, ಕಡಲೆಯೂ ಇದೆ, ತಿನ್ನುವುದಕ್ಕೆ ಡಾಕ್ಟರ ಅಪ್ಪಣೆ ಇಲ್ಲ. ಅವನು ಆ ಕಡೆ ಜೋರಾಗಿ ನಕ್ಕ. ನಾನೂ ನಕ್ಕೆ. ಕೈಯಲ್ಲಿ ಫೋನು ಇತ್ತು, ಇನ್ನೊಂದು ಕೈ ಮಡಿಲಲ್ಲೇ ಇತ್ತು.